ಒತ್ತುವ ಮೊದಲು ಅಳೆಯಿರಿ: ತ್ಸುನ್ ಲೆಕ್ಕ

ಚೀನಾದ ಒತ್ತುಚಿಕಿತ್ಸೆ (ಅಕ್ಯುಪ್ರೆಶರ್) ಕಲಿಯಲು ಕೂತವರು ಮೊದಲ ದಿನವೇ ಮೈಮೇಲೆ ಒತ್ತುವ ಬಿಂದುಗಳ ಹೆಸರು ಉರುಹೊಡೆಯತೊಡಗುತ್ತಾರೆ. ನಾನೂ ಹಾಗೇ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 361 ಬಿಂದುಗಳಿವೆ. ಅದನ್ನು ಪಕ್ಕಕ್ಕಿಟ್ಟು ಮೊದಲು ಅಳತೆ ಕಲಿಯಿರಿ.

ಅಳತೆಯ ಹೆಸರು ತ್ಸುನ್. ಇದಕ್ಕೆ ಸ್ಕೇಲು ಬೇಡ. ಒತ್ತಿಸಿಕೊಳ್ಳುವವರ ಹೆಬ್ಬೆರಳಿನ ಗೆಣ್ಣಿನ ಅಗಲ 1 ತ್ಸುನ್. ಹೆಬ್ಬೆರಳು ಬಿಟ್ಟು ನಾಲ್ಕೂ ಬೆರಳು ಜೋಡಿಸಿದರೆ 3 ತ್ಸುನ್. ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಗೆರೆಯವರೆಗೆ 12 ತ್ಸುನ್, ಕುಳ್ಳನಿಗೂ ಅಷ್ಟೇ, ಉದ್ದನೆಯವನಿಗೂ ಅಷ್ಟೇ. ಆಯುರ್ವೇದದಲ್ಲಿ ರೋಗಿಯ ಅಂಗುಲದಿಂದಲೇ ಅವನ ಮೈಯನ್ನು ಅಳೆಯುವುದನ್ನು ಕೇಳಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಅಮ್ಮನ ಕಾಲಿನ ಬಿಂದು ಹುಡುಕಲು ನಾನು ನನ್ನ ಬೆರಳಿಟ್ಟಿದ್ದೆ. ತಪ್ಪು ಅಲ್ಲೇ ಆಗಿತ್ತು.

ಈಗ ಎರಡು ಬಿಂದು.

ತ್ಸೂಸಾನ್‌ಲೀ: ಮೊಣಕಾಲ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ಕುಳಿಯಿದೆ. ಅಲ್ಲಿಂದ 3 ತ್ಸುನ್ ಕೆಳಗೆ, ಮೊಣಕಾಲ ಕೆಳಗಿನ ಮುಂಬದಿಯ ಎಲುಬಿನ ಅಂಚಿನಿಂದ ಒಂದು ಬೆರಳು ಹೊರಕ್ಕೆ. ಹೆಸರಿನ ಅರ್ಥ 'ಕಾಲಿನ ಮೂರು ಲೀ'. ಲೀ ಎಂದರೆ ಇಂದಿನ ಲೆಕ್ಕದಲ್ಲಿ ಅರ್ಧ ಕಿಲೋಮೀಟರು. ದಣಿದವನು ಇಲ್ಲಿ ಒತ್ತಿಕೊಂಡರೆ ಇನ್ನೂ ಮೂರು ಲೀ ನಡೆದಾನು ಎನ್ನುವುದು ಜನರ ವಿವರಣೆ. ನಂಬಲೇಬೇಕೆಂದಿಲ್ಲ, ಆದರೆ ಜಾಗ ಮರೆಯದಿರಲು ಒಳ್ಳೆಯ ಕಥೆ.

ನೇಯ್‌ಗ್ವಾನ್: ಅಂಗೈ ಕಡೆಯ ಮಣಿಕಟ್ಟಿನ ಗೆರೆಯಿಂದ 2 ತ್ಸುನ್ ಮೇಲೆ, ಎರಡು ನರಗಳಂತೆ ಎದ್ದು ಕಾಣುವ ಸ್ನಾಯುರಜ್ಜುಗಳ ನಡುವೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಅಡ್ಡ ಇಟ್ಟರೆ ಸಿಗುತ್ತದೆ. ಬಸ್ಸಿನಲ್ಲಿ ವಾಂತಿ ಬರುವವರು ಕಟ್ಟಿಕೊಳ್ಳುವ ಗುಂಡಿಯ ಪಟ್ಟಿ ಒತ್ತುವುದೂ ಇದನ್ನೇ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಇದರ ಮೇಲೆ ಹಲವು ಪ್ರಯೋಗಗಳಾಗಿವೆ, ಫಲ ಕೊಂಚ ಕಂಡಿದೆ. ಉಳಿದ ಬಿಂದುಗಳ ದೊಡ್ಡ ಮಾತುಗಳನ್ನು ಇದರ ಹೆಗಲಿಗೆ ಏರಿಸಬೇಡಿ.

ಜಾಗ ಸರಿ ಸಿಕ್ಕಿತೆಂದು ತಿಳಿಯುವುದು ಹೇಗೆ? ಒತ್ತಿದಾಗ ಜೋಮು, ಭಾರ, ಬಿಗಿತ, ಇಲ್ಲವೇ 'ಸ್ವಾನ್' ಅನ್ನಿಸಬೇಕು. ಸ್ವಾನ್ ಎಂದರೆ ಹುಳಿ! ಮೈ ಸೆಳೆತಕ್ಕೂ ಹುಣಸೆಯ ಹುಳಿಗೂ ಚೀನೀಯರಿಗೆ ಒಂದೇ ಪದ. ಚುಚ್ಚುವ ನೋವಾದರೆ ಬೆರಳು ಸರಿಸಿ. ಒಂದೆರಡು ನಿಮಿಷ ಸಾಕು.

ಹೆಬ್ಬೆರಳು ತೋರುಬೆರಳ ನಡುವಿನ ಹೆಗು ಬಿಂದುವನ್ನು ಬೇಕೆಂದೇ ಬಿಟ್ಟಿದ್ದೇನೆ. ತಲೆನೋವಿಗೆ ಎಲ್ಲರೂ ಹೇಳಿಕೊಡುತ್ತಾರೆ. ಬಸುರಿಯರಿಗೆ ಅದನ್ನು ಒತ್ತಬಾರದೆಂಬ ಹಳೆಯ ನಿಷೇಧವನ್ನು ಮಾತ್ರ ಬಹಳ ಮಂದಿ ಹೇಳುವುದಿಲ್ಲ.