ಜಕಾತಿ ನಾಕಾದಿಂದ ಜೋಡಿ ನಮೂದಿನವರೆಗೆ: ಪಾಲಿಕೆಯ ಲೆಕ್ಕಿಗನ ತರಬೇತಿಯ ಹಾದಿ

ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹಿರಿಯರು ಮನೆ ತೆರಿಗೆಯನ್ನು ಇಂದಿಗೂ ಘರಪಟ್ಟಿ ಎನ್ನುತ್ತಾರೆ, ನೀರಿನ ಕರಕ್ಕೆ ನೀರಪಟ್ಟಿ ಎನ್ನುತ್ತಾರೆ, ಆಸ್ತಿಯ ದಾಖಲೆಗೆ ಉತಾರ ಎನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ ಶೇ 5ರ ರಿಯಾಯಿತಿ ಇರುವುದರಿಂದ ಆ ದಿನಗಳಲ್ಲಿ ಪಾಲಿಕೆ ಮತ್ತು ನಗರಸಭೆಗಳ ಕೌಂಟರುಗಳಲ್ಲಿ ಚಲನ್ ಹಿಡಿದವರ ಸಾಲು ಉದ್ದವಾಗಿರುತ್ತದೆ. ಕಟ್ಟಿದ ಹಣ ಎಲ್ಲಿಗೆ ಹೋಯಿತು, ರಸ್ತೆ ಏಕೆ ಆಗಲಿಲ್ಲ ಎಂದು ಸಾಲಿನಲ್ಲಿ ನಿಂತವರು ಕೇಳುವುದು ನ್ಯಾಯವೇ. ಆದರೆ ಆ ಹಣವನ್ನು ಲೆಕ್ಕಕ್ಕೆ ಹಿಡಿಯುವ, ಅದರಿಂದ ಬಿಲ್ಲು ಪಾವತಿಸುವ, ವರ್ಷದ ಕೊನೆಗೆ ಊರಿನ ಆಸ್ತಿ ಎಷ್ಟು, ಸಾಲ ಎಷ್ಟು ಎಂದು ಬರೆದಿಡುವ ನೌಕರನಿಗೆ ಆ ಕೆಲಸವನ್ನು ಯಾರು, ಎಷ್ಟು ದಿನ ಕಲಿಸಿದರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ನಗರಾಡಳಿತದ ಲೆಕ್ಕಪದ್ಧತಿ ಹಲವು ಬಾರಿ ಬದಲಾಗಿದೆ. ಪ್ರತಿ ಬಾರಿಯೂ ನಿಯಮ ಮೊದಲು ಬಂದಿದೆ, ಸಾಫ್ಟ್‌ವೇರ್ ಅದರ ಹಿಂದೆ ಬಂದಿದೆ, ತರಬೇತಿ ಮಾತ್ರ ಯಾವುದೋ ಒಂದು ಯೋಜನೆಯ ಜೊತೆಗೆ ಬಂದು ಆ ಯೋಜನೆಯ ಜೊತೆಗೇ ಹೊರಟುಹೋಗಿದೆ.

ಈ ಭಾಗದ ಪುರಾಡಳಿತದ ಬೇರು ಮುಂಬೈ ಪ್ರಾಂತ್ಯದಲ್ಲಿದೆ. ನಿವಾಸಿಗಳು ಕೋರಿದ ಊರಿಗೆ ಮುನಿಸಿಪಾಲಿಟಿ ಕೊಡಲು ಅವಕಾಶ ಮಾಡಿದ 1850ರ ಕಾಯ್ದೆಯ ಮರುವರ್ಷವೇ ಬೆಳಗಾವಿಗೆ ಮುನಿಸಿಪಾಲಿಟಿ ಬಂದಿತು. ಲಾರ್ಡ್ ರಿಪ್ಪನ್‌ನ 1882ರ ನಿರ್ಣಯದ ನಂತರ ಜನಪ್ರತಿನಿಧಿಗಳ ಪಾತ್ರ ಹಿಗ್ಗಿತು, 1901ರ ಜಿಲ್ಲಾ ಮುನಿಸಿಪಲ್ ಕಾಯ್ದೆ ಮತ್ತು 1925ರ ಬರೋ (ದೊಡ್ಡ ಪಟ್ಟಣಗಳ ಮುನಿಸಿಪಾಲಿಟಿ) ಕಾಯ್ದೆ ಅದಕ್ಕೆ ಚೌಕಟ್ಟು ಕೊಟ್ಟವು. ಆ ಕಾಲದ ಲೆಕ್ಕವೆಂದರೆ ನಗದು ಪುಸ್ತಕ: ಎಷ್ಟು ಬಂತು, ಎಷ್ಟು ಹೋಯಿತು, ಪೆಟ್ಟಿಗೆಯಲ್ಲಿ ಎಷ್ಟು ಉಳಿಯಿತು. ದೊಡ್ಡ ಆದಾಯ ಬರುತ್ತಿದ್ದುದು ಜಕಾತಿಯಿಂದ, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕದಿಂದ. ಊರಂಚಿನ ನಾಕಾದಲ್ಲಿ ಬಂಡಿಯನ್ನು, ಮುಂದೆ ಲಾರಿಯನ್ನು ನಿಲ್ಲಿಸಿ, ಬೆಲ್ಲದ ಪೆಂಟೆ ಎಷ್ಟು, ಬಟ್ಟೆಯ ಗಂಟು ಎಷ್ಟು ಎಂದು ಕಣ್ಣಳತೆಯಲ್ಲೇ ಅಂದಾಜು ಹಾಕಿ ರಸೀದಿ ಹರಿಯುವ ಗುಮಾಸ್ತನಿಗೆ ಬೇಕಾಗಿದ್ದ ವಿದ್ಯೆ ಹಿರಿಯ ಗುಮಾಸ್ತನ ಪಕ್ಕದಲ್ಲಿ ಕುಳಿತರೆ ಬರುತ್ತಿತ್ತು. 1926ರಲ್ಲಿ ಮುಂಬೈಯಲ್ಲಿ ಸ್ಥಳೀಯ ಸ್ವರಾಜ್ಯ ಸಂಸ್ಥೆಗಳಿಗಾಗಿಯೇ ಒಂದು ಸಂಸ್ಥೆ ಹುಟ್ಟಿಕೊಂಡಿತು. ಇಂದು ಅಖಿಲ ಭಾರತ ಸ್ಥಳೀಯ ಸ್ವರಾಜ್ಯ ಸಂಸ್ಥೆ ಎಂಬ ಹೆಸರಿನಲ್ಲಿರುವ ಅದು ಸ್ಯಾನಿಟರಿ ಇನ್ಸ್‌ಪೆಕ್ಟರುಗಳಿಗೂ ಆಡಳಿತ ಸಿಬ್ಬಂದಿಗೂ ಡಿಪ್ಲೊಮಾ ನಡೆಸುತ್ತಾ ಬಂದಿದೆ. ಪುರಾಡಳಿತವೂ ಓದಿ ಕಲಿಯಬೇಕಾದ ವೃತ್ತಿ ಎಂಬ ಮಾತು ಹೀಗೆ ಈ ಪ್ರಾಂತ್ಯದಲ್ಲಿ ಬೇಗನೆ ಕೇಳಿಬಂದಿತ್ತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅಂದಿನ ಬೆಳಗಾವಿ ಮತ್ತು ವಿಜಾಪುರ ಜಿಲ್ಲೆಗಳು ಮುಂಬೈಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು, 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪುರಸಭೆಗಳ ಕಾಯ್ದೆ ಬಂದಿತು. ಅದಕ್ಕೆ ಒಂದು ವರ್ಷ ಮೊದಲು, 1963ರಲ್ಲಿ, ನೂರುದ್ದೀನ್ ಅಹ್ಮದ್ ನೇತೃತ್ವದ ಸಮಿತಿಯು ಪುರಾಡಳಿತ ನೌಕರರ ತರಬೇತಿಗೆಂದೇ ರಾಷ್ಟ್ರಮಟ್ಟದಲ್ಲೂ ರಾಜ್ಯಗಳಲ್ಲೂ ಸಂಸ್ಥೆಗಳು ಬೇಕೆಂದು ಹೇಳಿತ್ತು. ಮುಂದೆ ಕೇಂದ್ರದ ನೆರವಿನಿಂದ ಪ್ರಾದೇಶಿಕ ನಗರ ಅಧ್ಯಯನ ಕೇಂದ್ರಗಳು ಹುಟ್ಟಿಕೊಂಡವು. ಆದರೆ ಅವು ಇದ್ದದ್ದು ಹೈದರಾಬಾದು, ಮುಂಬೈ, ಲಖನೌಗಳಲ್ಲಿ. ರಬಕವಿ-ಬನಹಟ್ಟಿಯ ಅಥವಾ ಇಂಡಿ ಪಟ್ಟಣದ ಲೆಕ್ಕದ ಗುಮಾಸ್ತನಿಗೆ ಅವು ಬಹುಮಟ್ಟಿಗೆ ಹೆಸರಷ್ಟೇ ಆಗಿದ್ದವು.

ನನ್ನ ಎಣಿಕೆಯಲ್ಲಿ ಈ ಕಥೆಯ ನಿಜವಾದ ತಿರುವು 1979. ಆ ವರ್ಷ ಕರ್ನಾಟಕದಲ್ಲಿ ಜಕಾತಿ ರದ್ದಾಯಿತು. ವ್ಯಾಪಾರಿಗಳಿಗೆ ಅದರಿಂದ ದೊಡ್ಡ ನೆಮ್ಮದಿ ಸಿಕ್ಕಿತೆಂಬುದು ನಿಜ. ಆದರೆ ಪುರಸಭೆಗಳು ತಮ್ಮ ಕೈಯಾರೆ ದಿನದಿನವೂ ಎತ್ತುತ್ತಿದ್ದ ಆದಾಯ ಹೋಗಿ, ಅದರ ಬದಲಿಗೆ ರಾಜ್ಯ ಸರ್ಕಾರದ ಪರಿಹಾರ ಅನುದಾನ ಬಂದಿತು. ಲೆಕ್ಕ ಶಾಖೆಯ ಕೆಲಸದ ಸ್ವರೂಪವೇ ಇದರಿಂದ ಬದಲಾಯಿತು. ಆದಾಯ ಹೆಚ್ಚಿಸುವುದು ಹೇಗೆ ಎಂಬ ಯೋಚನೆ ಹಿಂದೆ ಸರಿದು, ಬಂದ ಅನುದಾನವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ತೋರಿಸಬೇಕು, ಬಳಕೆ ಪ್ರಮಾಣಪತ್ರವನ್ನು ಯಾವಾಗ ಕಳಿಸಬೇಕು ಎಂಬುದೇ ಮುಖ್ಯವಾಯಿತು. ಹಣಕಾಸು ನಿರ್ವಹಣೆ ಎಂಬ ಕೌಶಲ ಅಲ್ಲಿಂದಲೇ ಸೊರಗಿತು ಎಂದರೆ ಅತಿಶಯೋಕ್ತಿಯಾಗಲಾರದು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ 18 ವಿಷಯಗಳ ಪಟ್ಟಿಯನ್ನೂ ರಾಜ್ಯ ಹಣಕಾಸು ಆಯೋಗದ ಆಸರೆಯನ್ನೂ ಕೊಟ್ಟಿತು. ರಾಜ್ಯದಲ್ಲಿ ಜಿ. ತಿಮ್ಮಯ್ಯ ಅವರ ಅಧ್ಯಕ್ಷತೆಯಲ್ಲಿ ಮೊದಲ ಆಯೋಗ ರಚನೆಯಾಯಿತು. ಅದೇ ದಶಕದಲ್ಲಿ ನಗರ ಮೂಲಸೌಕರ್ಯ ಹಣಕಾಸು ನಿಗಮ ಬಂದಿತು, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ, ಮುಂದೆ ವಿಶ್ವಬ್ಯಾಂಕಿನ ಸಾಲ ಬರತೊಡಗಿತು. ಸಾಲ ಕೊಡುವವರು ಕೇಳುವ ಮೊದಲ ಪ್ರಶ್ನೆಗೆ, ಅಂದರೆ ನಿಮ್ಮ ಆಸ್ತಿ ಎಷ್ಟು, ಹೊಣೆ ಎಷ್ಟು ಎಂಬುದಕ್ಕೆ, ನಗದು ಪುಸ್ತಕದಲ್ಲಿ ಉತ್ತರವಿರಲಿಲ್ಲ. 11ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಲೆಕ್ಕದ ನಮೂನೆಗಳನ್ನು ಸರಿಪಡಿಸುವ ಹೊಣೆಯನ್ನು ಮಹಾಲೇಖಪಾಲರಿಗೆ (ಸಿ.ಎ.ಜಿ.) ಒಪ್ಪಿಸಿತು, 2004ರಲ್ಲಿ ರಾಷ್ಟ್ರೀಯ ಪುರಸಭಾ ಲೆಕ್ಕ ಕೈಪಿಡಿ ಹೊರಬಂದಿತು. ಕರ್ನಾಟಕ 2006ರಲ್ಲಿ ತನ್ನದೇ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳನ್ನು ಮಾಡಿ, ನಿಧಿ ಆಧಾರಿತ ಜೋಡಿ ನಮೂದು ಪದ್ಧತಿಗೆ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಲೆಕ್ಕಕ್ಕೆ, ಕಾಲಿಟ್ಟಿತು.

ಬೆಳಗಾವಿಯ ಪೇಟೆಯವರಿಗೆ ಕೀರ್ದಿ, ಖತಾವಣಿ, ಜಮಾ, ನಾವೆ ಹೊಸ ಮಾತುಗಳಲ್ಲ. ಅಂಗಡಿಯ ವಹಿಯಲ್ಲಿ ತಲೆತಲಾಂತರದಿಂದ ಇದ್ದ ತಿಳಿವಳಿಕೆ ಊರಿನ ಲೆಕ್ಕಕ್ಕೆ ಬರಲು ಮಾತ್ರ ಇಷ್ಟು ಕಾಲ ಹಿಡಿಯಿತು. ಇದರ ಮಹತ್ವ ತಿಳಿಯಲು ಠೇವಣಿಯ ಒಂದು ಉದಾಹರಣೆ ಸಾಕು. ಗುತ್ತಿಗೆದಾರನೊಬ್ಬ ಟೆಂಡರ್ ಹಾಕುವಾಗ ಇ.ಎಂ.ಡಿ. (ಮುಂಗಡ ಠೇವಣಿ) ಕಟ್ಟುತ್ತಾನೆ, ಕೆಲಸ ಹಿಡಿದ ಮೇಲೆ ಅವನ ಬಿಲ್ಲುಗಳಿಂದ ಭದ್ರತಾ ಠೇವಣಿ ಮುರಿಯಲಾಗುತ್ತದೆ. ಬರೀ ನಗದು ಪುಸ್ತಕ ಇಟ್ಟ ಕಚೇರಿಯಲ್ಲಿ ಆ ಹಣ ಬ್ಯಾಂಕಿನ ಶಿಲ್ಕಿನಲ್ಲಿ ಬೆರೆತುಹೋಗುತ್ತದೆ. ಸಂಬಳಕ್ಕೆ ಅಥವಾ ವಿದ್ಯುತ್ ಬಿಲ್ಲಿಗೆ ಹಣ ಸಾಲದ ತಿಂಗಳಲ್ಲಿ, ಕೆಟ್ಟ ಉದ್ದೇಶವೇನೂ ಇಲ್ಲದೆಯೇ, ಅದು ಖರ್ಚಾಗುತ್ತದೆ. ಎರಡು ವರ್ಷಗಳ ನಿರ್ವಹಣಾ ಅವಧಿ ಮುಗಿಸಿ ಆ ಮನುಷ್ಯ ಠೇವಣಿ ವಾಪಸ್ ಕೇಳಲು ಬಂದಾಗ ಖಾತೆಯಲ್ಲಿ ಹಣವಿರುವುದಿಲ್ಲ, ಹಿಂದಿನ ಲೆಕ್ಕಿಗ ವರ್ಗವಾಗಿ ಹೋಗಿರುತ್ತಾನೆ. ಜೋಡಿ ನಮೂದಿನಲ್ಲಿ ಠೇವಣಿ ಬಂದ ದಿನವೇ ಅದು ಊರಿನ ಮೇಲಿನ ಸಾಲವೆಂದು ದಾಖಲಾಗುತ್ತದೆ, ಮರಳಿಸುವ ತನಕ ಪ್ರತಿ ವರ್ಷವೂ ಕಣ್ಣಿಗೆ ಬೀಳುತ್ತಿರುತ್ತದೆ. ಘರಪಟ್ಟಿಯೂ ಹಾಗೆಯೇ. ಏಪ್ರಿಲ್ 1ಕ್ಕೆ ವರ್ಷದ ಬೇಡಿಕೆ ಆದಾಯವೆಂದು ಹಿಡಿದಾಗ, ವಸೂಲಾಗದೆ ಉಳಿದದ್ದು ಯಾರ ಕಡೆಯಿಂದ ಬರಬೇಕು, ಎಷ್ಟು ವರ್ಷದ್ದು, ಅದರಲ್ಲಿ ಬರಲಾರದ್ದೆಷ್ಟು ಎಂಬುದನ್ನು ಮುಚ್ಚಿಡಲು ಆಗುವುದಿಲ್ಲ.

ಬಾಗಲಕೋಟೆಯಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರಿನ ಒಂದು ಭಾಗ ಮುಳುಗಿತು, ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ನವನಗರ ಕಟ್ಟಿತು. ನೀರಿನಡಿ ಹೋದ ರಸ್ತೆ, ಚರಂಡಿ, ಮಳಿಗೆಗಳನ್ನು ಆಸ್ತಿ ವಹಿಯಿಂದ ಹೇಗೆ ತೆಗೆಯಬೇಕು, ಬೇರೊಂದು ಸಂಸ್ಥೆ ಕಟ್ಟಿದ ಬಡಾವಣೆಯ ಸ್ವತ್ತನ್ನು ಯಾವ ಬೆಲೆಗೆ ಹಿಡಿಯಬೇಕು, ಅದರ ಸವಕಳಿ ಎಂದಿನಿಂದ ಆರಂಭವಾಗಬೇಕು ಎಂಬ ಪ್ರಶ್ನೆಗಳಿಗೆ ಸಾಮಾನ್ಯ ತರಬೇತಿಯ ಪುಟಗಳಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ. ಅಂಥ ಊರಿನ ಲೆಕ್ಕಿಗನಿಗೆ ಬೇಕಾದದ್ದು ತನ್ನ ಊರಿನ ಕಾಗದಗಳನ್ನೇ ಮುಂದಿಟ್ಟುಕೊಂಡು ಕಲಿಸುವ ಗುರು.

ಹಾಗೆ ಕಲಿಸಲಾಯಿತೇ? ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಈ ಕೆಲಸಕ್ಕೆಂದೇ ಇರುವ ಸಂಸ್ಥೆ, ಅಲ್ಲಿ ಒಳ್ಳೆಯ ಬೋಧಕರಿದ್ದಾರೆ. ಆದರೆ ಬೆಳಗಾವಿಯಿಂದ ಮೈಸೂರು ಐನೂರು ಕಿಲೋಮೀಟರಿಗೂ ದೂರ. ಒಬ್ಬನೇ ಲೆಕ್ಕಿಗ ಇರುವ ಪಟ್ಟಣ ಪಂಚಾಯಿತಿಯಿಂದ ಅವನನ್ನು ಪ್ರಯಾಣವೂ ಸೇರಿ ಒಂದು ವಾರ ಬಿಟ್ಟುಕೊಡುವುದೆಂದರೆ ಆ ವಾರ ಚೆಕ್ ಬರೆಯುವವರೇ ಇಲ್ಲ. ಆದ್ದರಿಂದ ಮುಖ್ಯಾಧಿಕಾರಿ ಬೇರೆ ಶಾಖೆಯ ಯಾರನ್ನೋ ಹೆಸರಿಗೆ ಕಳಿಸುತ್ತಾರೆ. ಈ ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟುವುದು ಸರಿಯಲ್ಲ, ಖಾಲಿ ಹುದ್ದೆಗಳ ನಡುವೆ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ. ಹೊಸ ಪದ್ಧತಿಗೆ ಬದಲಾಗುವ ವರ್ಷಗಳಲ್ಲಿ ಲೆಕ್ಕಪರಿಶೋಧಕರ ಸಂಸ್ಥೆಗಳನ್ನು ಸಲಹೆಗಾರರಾಗಿ ನೇಮಿಸಿಕೊಳ್ಳಲಾಯಿತು. ಕೈಹಿಡಿದು ಕಲಿಸಬೇಕಾದವರು ಕ್ರಮೇಣ ಲೆಕ್ಕವನ್ನು ತಾವೇ ಬರೆದುಕೊಡುವವರಾದರು. ಒಪ್ಪಂದ ಮುಗಿದ ಮೇಲೆ ಲಾಗಿನ್ ಉಳಿಯಿತು, ವಿದ್ಯೆ ಉಳಿಯಲಿಲ್ಲ. ಇಲಾಖಾ ಪರೀಕ್ಷೆಗಳ ಲೆಕ್ಕಪತ್ರಿಕೆಗಳಾದರೂ ನೆರವಾದವೇ ಎಂದರೆ, ಅವು ಹೆಚ್ಚಾಗಿ ಆರ್ಥಿಕ ಸಂಹಿತೆ, ಖಜಾನೆ, ಸೇವಾ ನಿಯಮಗಳ ಸುತ್ತಲೇ ಇವೆ. ಅವನ್ನು ಪಾಸಾದ ನೌಕರನಿಗೂ ಆಸ್ತಿ-ಜವಾಬ್ದಾರಿ ಪಟ್ಟಿ (ಬ್ಯಾಲೆನ್ಸ್ ಶೀಟ್) ಅಪರಿಚಿತವಾಗಿಯೇ ಉಳಿಯಬಹುದು.

ಈ ಹೊತ್ತಿನ ಲೆಕ್ಕಿಗನ ಮೇಜಿನ ಮೇಲೆ ಏನಿರುತ್ತದೆಂದು ನೋಡಲು ಒಂದು ಚರಂಡಿ ಕಾಮಗಾರಿಯ ಬಿಲ್ಲನ್ನು ಬಿಡಿಸೋಣ. ಕೆಲಸದ ಮೊತ್ತ ತೆರಿಗೆ ಬಿಟ್ಟು ₹10 ಲಕ್ಷ ಎಂದಿರಲಿ. ಮೊದಲು ಅಳತೆ ಪುಸ್ತಕದ ಪುಟಕ್ಕೂ ಬಿಲ್ಲಿಗೂ ತಾಳೆ ನೋಡಬೇಕು, ಟೆಂಡರ್ ಪ್ರಕ್ರಿಯೆ 1999ರ ಪಾರದರ್ಶಕತೆ ಕಾಯ್ದೆಯಂತೆ ನಡೆದಿದೆಯೇ ಎಂದು ಕಡತ ತಿರುವಬೇಕು. ಬಳಿಕ ಜಿ.ಎಸ್.ಟಿ. ಬಾಬ್ತು ಶೇ 2, ಅಂದರೆ ₹20,000 ಮುರಿಯಬೇಕು. ಗುತ್ತಿಗೆದಾರ ಒಬ್ಬ ವ್ಯಕ್ತಿಯಾಗಿದ್ದರೆ ಆದಾಯ ತೆರಿಗೆ ಶೇ 1, ಕಂಪನಿಯಾಗಿದ್ದರೆ ಶೇ 2. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1. ಆದಾಯ ತೆರಿಗೆಯನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಜಿ.ಎಸ್.ಟಿ. ಕಡಿತದ ರಿಟರ್ನನ್ನು 10ರೊಳಗೆ ಸಲ್ಲಿಸಬೇಕು. ತಪ್ಪಿದರೆ ಬಡ್ಡಿ ಮತ್ತು ದಂಡ, ಅದೂ ಊರಿನ ಹಣದಿಂದಲೇ. ಕಾಮಗಾರಿಗೆ ಹಣ ಯಾವ ಅನುದಾನದ್ದು ಎಂಬುದರ ಮೇಲೆ ಅದು ಯಾವ ನಿಧಿಗೆ ಸೇರಬೇಕೆಂಬುದು ನಿರ್ಧಾರವಾಗುತ್ತದೆ. ಇಷ್ಟನ್ನೂ ಮಾಡುವ ಕೈ ಎಷ್ಟೋ ಕಡೆ ಹಿಂದಿನ ವರ್ಷದವರೆಗೆ ಜನನ-ಮರಣ ನೋಂದಣಿಯಲ್ಲಿದ್ದ ದ್ವಿತೀಯ ದರ್ಜೆ ಸಹಾಯಕರದ್ದು. ಅವರು ಪಕ್ಕದ ಊರಿನ ಗೆಳೆಯನಿಗೆ ಫೋನ್ ಮಾಡಿ ಕೇಳಿ ಬರೆಯುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ, ಅವರನ್ನು ಹಾಗೆ ಬಿಟ್ಟ ವ್ಯವಸ್ಥೆಯ ಬಗ್ಗೆ ಬೇಸರವಿದೆ.

ಕಳೆದ ದಶಕದಲ್ಲಿ ಹೊಣೆ ಇನ್ನೂ ಬೆಳೆದಿದೆ. ವಿಜಯಪುರ 2013ರಲ್ಲಿ ಮಹಾನಗರ ಪಾಲಿಕೆಯ ದರ್ಜೆಗೇರಿದಾಗ ಅದು 1964ರ ಪುರಸಭೆಗಳ ಕಾಯ್ದೆಯಿಂದ 1976ರ ಮಹಾನಗರ ಪಾಲಿಕೆಗಳ ಕಾಯ್ದೆಗೆ ಬದಲಾಯಿತು. ಆಯವ್ಯಯ ಮಂಡನೆಯ ದಾರಿ, ಸ್ಥಾಯಿ ಸಮಿತಿಗಳ ಪಾತ್ರ, ಮಂಜೂರಾತಿಯ ಮಿತಿ ಎಲ್ಲವೂ ಬೇರೆಯಾದವು, ಸಿಬ್ಬಂದಿ ಬಹುಮಟ್ಟಿಗೆ ಅವರೇ. ಗೋಳಗುಮ್ಮಟದಂಥ ಸ್ಮಾರಕಗಳು ವಾರ್ಡುಗಳ ನಡುವೆಯೇ ಇರುವ ಈ ಊರಿನಲ್ಲಿ, ಸಂವಿಧಾನದ 285ನೇ ವಿಧಿಯಂತೆ ಕೇಂದ್ರದ ಸ್ವತ್ತಿಗೆ ಆಸ್ತಿ ತೆರಿಗೆ ಹಾಕಲಾಗದು, ಆದರೆ ಒದಗಿಸಿದ ಸೇವೆಗೆ ಶುಲ್ಕ ಕೇಳಬಹುದು ಎಂಬ ವ್ಯತ್ಯಾಸ ಕಂದಾಯ ಶಾಖೆಗೆ ಗೊತ್ತಿರಲೇಬೇಕು. ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿತು. ಆ ಕಾಮಗಾರಿಗಳನ್ನು ಮಾಡಿದ್ದು ಪ್ರತ್ಯೇಕ ಕಂಪನಿ. ಅದಕ್ಕೂ ಮೊದಲು, ವಿಶ್ವಬ್ಯಾಂಕ್ ನೆರವಿನಲ್ಲಿ ನಗರದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂದಾಗಲೂ ನಿರ್ವಹಣೆ ಹೊರಗಿನವರ ಕೈಯಲ್ಲಿತ್ತು. ಯೋಜನೆ ಮುಗಿದ ಮೇಲೆ ಸ್ವತ್ತು ಪಾಲಿಕೆಯ ಪುಸ್ತಕಕ್ಕೆ ಬರುತ್ತದೆ, ಅದನ್ನು ಕಟ್ಟಿಸಿದವರ ಅನುಭವ ಬರುವುದಿಲ್ಲ.

ಇನ್ನು ಲೆಕ್ಕ ತಡವಾದರೆ ಊರಿಗೇ ನಷ್ಟ. 15ನೇ ಹಣಕಾಸು ಆಯೋಗವು ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕವನ್ನೂ ಅದರ ಹಿಂದಿನ ವರ್ಷದ ಪರಿಶೋಧಿತ ಲೆಕ್ಕವನ್ನೂ ಜಾಲತಾಣದಲ್ಲಿ ಪ್ರಕಟಿಸದ ಸಂಸ್ಥೆಗೆ ಅನುದಾನವಿಲ್ಲ ಎಂಬ ಷರತ್ತು ಹಾಕಿತು. ಆಸ್ತಿ ತೆರಿಗೆ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು ಎಂದೂ ಹೇಳಿತು. ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಬರಬೇಕಾದ ಹಣ ಹೀಗೆ ಒಬ್ಬ ಲೆಕ್ಕಿಗನ ಕೌಶಲಕ್ಕೆ ನೇರವಾಗಿ ಗಂಟು ಬಿದ್ದಿದೆ.

ಸರ್ಕಾರಿ ನೌಕರರಿಗಾಗಿ ಕೇಂದ್ರ ಸರ್ಕಾರ ನಡೆಸುವ ಐಗಾಟ್‌ನಂಥ ಜಾಲತಾಣಗಳ ಆನ್‌ಲೈನ್ ಪಾಠಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಪರಿಭಾಷೆ ತಿಳಿಯಲು ಅವು ಸಾಕು, ತಾಳೆಯಾಗದ ಬ್ಯಾಂಕ್ ಖಾತೆಯನ್ನು ತಾಳೆ ಮಾಡಿಕೊಡಲು ಸಾಲವು. ಬೆಳಗಾವಿ ಮತ್ತು ವಿಜಯಪುರದ ಜಿಲ್ಲಾ ತರಬೇತಿ ಸಂಸ್ಥೆಗಳಲ್ಲೇ, ಕನ್ನಡದಲ್ಲೇ, ಭಾಗವಹಿಸುವವರು ತಮ್ಮ ಊರಿನ ನಗದು ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ತಂದು ಕುಳಿತು ಕಲಿಯುವ ವರ್ಗಗಳು ನಡೆಯಬೇಕು. ನಿವೃತ್ತ ಲೆಕ್ಕ ಅಧೀಕ್ಷಕರು ಈ ಜಿಲ್ಲೆಗಳಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ. ಅದಕ್ಕಿಂತ ಮೊದಲು ಬದಲಾಗಬೇಕಾದದ್ದು ವರ್ಗವಾಗಿ ಹೋಗುವವರು ಬರುವವರಿಗೆ ಚಾರ್ಜ್ (ಕೆಲಸದ ಹೊಣೆ) ಕೊಡುವ ಪದ್ಧತಿ. ಇಂದು ಚಾರ್ಜ್ ಪಟ್ಟಿಯಲ್ಲಿ ಕಪಾಟಿನ ಬೀಗದ ಕೈ, ಚೆಕ್ ಪುಸ್ತಕ, ರಸೀದಿ ಪುಸ್ತಕ, ನಗದು ಪುಸ್ತಕದ ಕೊನೆಯ ಶಿಲ್ಕು ಇರುತ್ತವೆ, ಅರ್ಧ ದಿನದಲ್ಲಿ ಸಹಿ ಆಗಿ ಮುಗಿಯುತ್ತದೆ. ಹೋಗುವವರೂ ಬರುವವರೂ ಕನಿಷ್ಠ ಹದಿನೈದು ದಿನ ಒಂದೇ ಮೇಜಿನಲ್ಲಿ ಕುಳಿತು, ಒಂದು ತಿಂಗಳ ಬ್ಯಾಂಕ್ ತಾಳೆ ಪಟ್ಟಿಯನ್ನು ಕೂಡಿಯೇ ಮಾಡಿ, ಠೇವಣಿ ವಹಿಯ ಪ್ರತಿ ಸಾಲನ್ನೂ ನೋಡಿ ಇಬ್ಬರೂ ಸಹಿ ಹಾಕಿದ ಮೇಲೆಯೇ ವರ್ಗಾವಣೆ ಜಾರಿಯಾಗಬೇಕು ಎಂಬ ಒಂದು ಆದೇಶ ಹೊರಡಿಸಲು ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಬೇಡ.