ಬೂಷ್ಟು ಹೋಗುತ್ತದೆ, ಸವೆತ ಹೋಗುವುದಿಲ್ಲ

ಮಂಗಳೂರಿನ ಗುಜರಿ ಅಂಗಡಿಯಲ್ಲೋ ಉಡುಪಿ ಕಡೆಯ ಹಳೇ ಮನೆಯ ಅಟ್ಟದಲ್ಲೋ ಎಲ್‌ಪಿ ರೆಕಾರ್ಡು ಸಿಕ್ಕಿದರೆ ಮೈಮೇಲೆ ಬಿಳಿ ಚುಕ್ಕೆಗಳಿರುವುದು ಸಾಮಾನ್ಯ. ಮಳೆಗಾಲದ ತೇವಕ್ಕೆ ಹಿಡಿದ ಬೂಷ್ಟು ಅದು. ಅದನ್ನು ನೋಡಿ ಬದಿಗಿಟ್ಟು, ಫಳಫಳ ಹೊಳೆಯುವ ಇನ್ನೊಂದನ್ನು ಆರಿಸುವವರೇ ಜಾಸ್ತಿ. ಹೊಳಪನ್ನು ನಂಬಬೇಡಿ. ಬೂಷ್ಟು ತೊಳೆದರೆ ಬಹುಪಾಲು ಹೋಗುತ್ತದೆ, ಆದರೆ ಹಾಡನ್ನು ಹಿಡಿದಿಟ್ಟ ಸಣ್ಣ ಸುರುಳಿ ಗೆರೆ, ಅಂದರೆ ತೋಡು, ಸವೆದರೆ ಮತ್ತೆ ತುಂಬುವುದಿಲ್ಲ.

ಈಗಿನ ಒಳ್ಳೆಯ ಪ್ಲೇಯರಿನ ಮುಳ್ಳು ಸುಮಾರು 2 ಗ್ರಾಂ ಭಾರದಲ್ಲಿ ತೋಡಿನ ಗೋಡೆ ಒರೆಸುತ್ತ ಸಾಗುತ್ತದೆ. ಹಿಂದಿನ ಅಗ್ಗದ ಪ್ಲೇಯರುಗಳದ್ದು ಇದರ ಎರಡು ಮೂರು ಪಟ್ಟು. ಮುಳ್ಳು ಮೊಂಡಾಗಿದ್ದರಂತೂ ಅದು ಉಳಿಯ ಕೆಲಸವನ್ನೇ ಮಾಡಿರುತ್ತದೆ.

ಪೆಟ್ಟು ಮೊದಲು ಬೀಳುವುದು ಲೇಬಲಿನ ಹತ್ತಿರದ ಒಳಸುತ್ತಿನ ಹಾಡಿಗೆ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ರೆಕಾರ್ಡಿನಲ್ಲಿ ಹೊರ ಅಂಚಿನ ತೋಡು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ ಕೊನೆಯ ಸುತ್ತು ಓಡುವುದು 21 ಸೆಂ.ಮೀ. ಮಾತ್ರ. ಹಾಗಾಗಿ ಸೆಕೆಂಡಿಗೆ 10,000 ಸಲ ಕಂಪಿಸುವ ದನಿಯ, ಅಂದರೆ 10,000 ಹರ್ಟ್ಸ್‌ನ ಒಂದು ಅಲೆಗೆ ಹೊರಗೆ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಜಾಗ, ಒಳಗೆ 21. ಸಾದಾ ದುಂಡು ಮುಳ್ಳಿನ ತುದಿಯ ತ್ರಿಜ್ಯವೇ 18 ಮೈಕ್ರಾನ್. ಅಷ್ಟು ಇಕ್ಕಟ್ಟಿನ ಏರಿಳಿತದೊಳಗೆ ಅದು ಇಳಿಯಲಾರದೆ ಗೋಡೆಯನ್ನೇ ಉಜ್ಜಿ ಹಾಳುಮಾಡುತ್ತದೆ. ಪರೀಕ್ಷೆಗೆ ಮೊದಲ ಹಾಡು ಬೇಡ, ಕೊನೆಯದನ್ನು ಹಾಕಿಸಿ. ‘ಸ’, ‘ಶ’ ಬರುವಲ್ಲಿ ಧ್ವನಿ ಹರಿದಂತೆ ಕೇಳಿದರೆ ವಾಪಸ್ ಕೊಡಿ.

ಹಾಕಿಸಿ ನೋಡುವ ಅವಕಾಶವಿಲ್ಲವೇ? ಮೊಬೈಲ್ ಟಾರ್ಚನ್ನು ಓರೆ ಹಿಡಿಯಿರಿ. ಸವೆದ ತೋಡು ಮಸಿಗಪ್ಪು ಬಿಟ್ಟು ಬೂದು ತಿರುಗಿರುತ್ತದೆ. ಜೋರು ವಾದ್ಯ ಇರುವ ಕಡೆಯೂ ತುಸು ಬೂದು ಕಾಣುವುದುಂಟು, ಆದ್ದರಿಂದ ಇಷ್ಟರಿಂದಲೇ ತೀರ್ಮಾನ ಬೇಡ. ಲೇಬಲಿನ ತೂತಿನ ಸುತ್ತ ಗೀಚಿದ ಗುರುತು ತುಂಬಿದ್ದರೆ ಅದು ಬಹಳ ಸಲ ಹಾಕಿಸಿಕೊಂಡ ರೆಕಾರ್ಡು. ಉಗುರಿಗೆ ತಾಗುವ ಗೀರು ಟಕ್ ಟಕ್ ಎನ್ನದೆ ಬಿಡದು. ಒಂದು ಮಗ್ಗುಲಿಗೆ 25 ನಿಮಿಷಕ್ಕಿಂತ ಹೆಚ್ಚು ತುರುಕಿದ್ದರೆ ತೋಡು ಕಿರಿದಾಗಿ, ದನಿಯ ಮಟ್ಟ ತಗ್ಗಿ, ಸುರಸುರ ಸದ್ದು ಎದ್ದು ಕೇಳುತ್ತದೆ. ಹೊಸದರ ಮೇಲಿನ ‘180 ಗ್ರಾಂ’ ಚೀಟಿಗೆ ಮರುಳಾಗಬೇಕಿಲ್ಲ. ತೂಕ ಹೆಚ್ಚಿದ ಮಾತ್ರಕ್ಕೆ ಧ್ವನಿ ಚೆನ್ನಾಗಿರಬೇಕೆಂದಿಲ್ಲ.

ಬೂಷ್ಟನ್ನು ಮುಖಗವಸು ಹಾಕಿಕೊಂಡು ಅಂಗಳದಲ್ಲಿ ಮೆತ್ತನೆ ಬ್ರಷ್‌ನಿಂದ ಉದುರಿಸಿ. ನಾಲ್ಕು ಪಾಲು ಡಿಸ್ಟಿಲ್ಡ್ ವಾಟರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ತೋಡಿನ ಗುಂಟ ಒರೆಸಿ, ಮತ್ತೆ ಡಿಸ್ಟಿಲ್ಡ್ ನೀರಲ್ಲೇ ತೊಳೆಯಿರಿ. ಲೇಬಲ್ ಒದ್ದೆಯಾಗಬಾರದು. ಬಾವಿನೀರು ಬೇಡವೇ ಬೇಡ: ನೀರು ಆರಿದ ಮೇಲೆ ಅದರ ಲವಣ ತೋಡಿನಲ್ಲೇ ಕೂತು ಹೊಸ ಚಟಪಟಕ್ಕೆ ಕಾರಣವಾಗುತ್ತದೆ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡಿಗೆ ಆಲ್ಕೊಹಾಲ್ ತಾಗಿಸಿದರೆ ಮೈಯೇ ಕರಗುತ್ತದೆ.

ಬೂಷ್ಟು ಹಿಡಿದ ಕಾಗದದ ಒಳಚೀಲ ಎಸೆದು ಪಾಲಿಥೀನಿನದು ಹಾಕಿ. ಪಿವಿಸಿ ಚೀಲ ಬೇಡ, ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಜಿನುಗಿ ರೆಕಾರ್ಡಿನ ಮೇಲೆ ಮಬ್ಬು ಕಲೆ ಬಿಡುತ್ತದೆ. ಮಳೆಗೆ ನೆನೆಯುವ ಹೊರಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಿಡಿ.