ಜಪ್ತಿ ಆದ ಮಾಲು ನಿಮ್ಮ ಗೋಡೌನಿನಲ್ಲೇ ಇದ್ದರೆ

ದಾವಣಗೆರೆಯ ಮಂಡಿಪೇಟೆಯ ಸಾಹುಕಾರರೊಬ್ಬರು ಒಂದು ರಾತ್ರಿ ಫೋನ್ ಮಾಡಿದರು. "ವಕೀಲ್ರೇ, ಫುಡ್ ಆಫೀಸರ್ ಬಂದು ತರಕಾರಿ ಡಬ್ಬಿ ಎಲ್ಲಾ ಜಪ್ತಿ ಮಾಡಿದಾರೆ. ಆದ್ರೆ ಮಾಲು ಇಲ್ಲೇ ಬಿಟ್ಟು ಹೋದ್ರು. ಏಜೆನ್ಸಿಯೋರು ಗಾಡಿ ಕಳಿಸ್ತೀವಿ, ವಾಪಸ್ ಕೊಡಿ ಅಂತಾರೆ. ಕೊಡ್ಲಾ?"

"ಒಂದು ಡಬ್ಬಿನೂ ಅಲ್ಲಾಡಿಸಬೇಡಿ" ಅಂದೆ.

ಜಪ್ತಿ ಅಂದರೆ ಲಾರಿಗೆ ತುಂಬಿಕೊಂಡು ಹೋಗುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 38ನೇ ಕಲಂ ಪ್ರಕಾರ ಅಧಿಕಾರಿ ಸ್ಯಾಂಪಲ್ ತೆಗೆದುಕೊಂಡು, ಉಳಿದ ಮಾಲನ್ನು ಅಂಗಡಿಯವರ ಸುಪರ್ದಿಗೇ ಬಿಡಬಹುದು. ಮಾಲು ನಿಮ್ಮದು, ಗೋಡೌನು ನಿಮ್ಮದು, ಬೀಗವೂ ನಿಮ್ಮದೇ. ಮುಟ್ಟುವ ಹಾಗಿಲ್ಲ, ಅಷ್ಟೆ. ಅನುಮತಿ ಇಲ್ಲದೆ ಸಾಗಿಸಿದರೆ 60ನೇ ಕಲಂ ಕಾದಿರುತ್ತದೆ: 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ. ಡಬ್ಬಿ ಕೆಟ್ಟಿದ್ದು ಕಂಪನಿಯ ತಪ್ಪಿರಬಹುದು. ವಾಪಸ್ ಕಳಿಸಿದ್ದು ಮಾತ್ರ ನಿಮ್ಮ ತಪ್ಪೇ ಆಗುತ್ತದೆ.

ಬೆಳಿಗ್ಗೆ ಹೋಗಿ ನೋಡಿದೆ. ಬೇಬಿ ಕಾರ್ನ್, ಅಣಬೆ. ಗೋಬಿ ಮಂಚೂರಿ ಗಾಡಿಗಳಿಗೆ ಹೋಗುವ ಮಾಲು. ಕೆಲವು ಡಬ್ಬಿಗಳ ಮುಚ್ಚಳ ಪೂರಿಯ ಹಾಗೆ ಉಬ್ಬಿತ್ತು. ಗುಮಾಸ್ತ ಒಂದನ್ನು ಒಡೆದು ರುಚಿ ನೋಡಲು ಹೊರಟಿದ್ದ! ಕೈ ಹಿಡಿದು ನಿಲ್ಲಿಸಿದೆ.

"ಉಬ್ಬಿರೋದು ಆರೇಳು. ಎಲ್ಲಾ ಬಾಕ್ಸ್ ಯಾಕೆ ಹಿಡಿದ್ರು?" ಸಾಹುಕಾರರ ಸಿಟ್ಟು ಸುಮ್ನೆ ಅಲ್ಲ. ಆದರೆ ಒಂದು ಬ್ಯಾಚಿನ ಒಂದು ಭಾಗ ಅಸುರಕ್ಷಿತ ಎಂದಾದರೆ, ಅಲ್ಲ ಎಂದು ತೋರಿಸುವ ತನಕ ಇಡೀ ಬ್ಯಾಚೇ ಅಸುರಕ್ಷಿತ ಎನ್ನುತ್ತದೆ ಕಾಯ್ದೆ. ಇದರಲ್ಲಿ ಅರ್ಥವಿದೆ. ಸೀಲಾದ ಡಬ್ಬಿಯೊಳಗೆ ಗಾಳಿ ಇಲ್ಲ, ಇಂಥ ತರಕಾರಿಯಲ್ಲಿ ಹುಳಿಯೂ ಕಡಿಮೆ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದ್ದೂ ಅದೇ. ಅದರ ಬೀಜಕಣ ಬರೀ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಹಾಗಾಗಿ ಫ್ಯಾಕ್ಟರಿಯಲ್ಲಿ ಒತ್ತಡ ಕೊಟ್ಟು ಸುಮಾರು 121 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಅಲ್ಲಿ ಎಡವಟ್ಟಾದರೆ ಒಟ್ಟಿಗೆ ಬೆಂದ ಡಬ್ಬಿಗಳೆಲ್ಲ ಅನುಮಾನವೇ. ಈ ಬ್ಯಾಕ್ಟೀರಿಯಾ ಬಿಡುವ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಚಪ್ಪಟೆಯಾಗಿರುವ ಡಬ್ಬಿಯನ್ನೂ ನಂಬುವ ಹಾಗಿಲ್ಲ.

ಇನ್ನು ಸ್ಯಾಂಪಲ್. ಸಾಮಾನ್ಯವಾಗಿ ನಾಲ್ಕು ಭಾಗ ಮಾಡುತ್ತಾರೆ. ಒಂದು ಪರೀಕ್ಷೆ ಮಾಡುವ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ, ಅಂದರೆ ಆ ಪ್ರದೇಶದ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ನೀವೇ ಕೇಳಬಹುದು, ಖರ್ಚು ನಿಮ್ಮದು. ನನ್ನ ಹತ್ತಿರ ಬರುವವರಲ್ಲಿ ಅದನ್ನು ಕೇಳಿದವರನ್ನು ನಾನು ಕಂಡಿದ್ದು ಬಹಳ ಕಡಿಮೆ. ಗಾಬರಿಯಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿರುತ್ತಾರೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕಬೇಕು.

ಕೊನೆಗೆ ಬಿಲ್ ಕೇಳಿದೆ. ಸಾಹುಕಾರರು ತಲೆ ಕೆರೆದುಕೊಂಡರು. ಅರ್ಧ ಮಾಲಿಗೆ ಬಿಲ್ಲಿತ್ತು, ಉಳಿದರ್ಧ ಬರೀ ಚೀಟಿಯ ಮೇಲೆ ಬಂದಿತ್ತು. ಯಾರಿಂದ ತಂದದ್ದು ಎಂದು ತೋರಿಸಲಾಗದಿದ್ದರೆ ಮಾರಿದವನೇ ಹೊಣೆ. ಆ ಅರ್ಧದ ವಿಷಯದಲ್ಲಿ ನನ್ನ ವಾದಕ್ಕೆ ಜಾಸ್ತಿ ಬಲ ಇರಲಿಲ್ಲ.

ಏಜೆನ್ಸಿಯ ಗಾಡಿ ಬಂದು ಖಾಲಿ ಹೋಯಿತು. ಬಾಕ್ಸುಗಳು ಮೂರು ತಿಂಗಳು ಅಲ್ಲೇ ಇದ್ದವು. ಬೆಲ್ಲದ ಮೂಟೆ ಇಳಿಸೋಕೆ ಜಾಗ ಇಲ್ಲ ಎಂದು ಸಾಹುಕಾರರು ವಾರಕ್ಕೊಮ್ಮೆ ನನಗೇ ಫೋನ್ ಮಾಡುತ್ತಿದ್ದರು.